ಕಿಟ್ ಕಾರ್ ತಗೋಬೇಕಾದ್ರೆ ಕಟ್ಟಿದವರ ಕೈ ನೋಡಿ

ಬ್ರಿಟನ್ನಲ್ಲಿ ಸೆಕೆಂಡ್ ಹ್ಯಾಂಡ್ ಕಿಟ್ ಕಾರ್ ನೋಡೋಕೆ ಹೊರಟಿದ್ದೀರಾ? ಹಾಗಾದ್ರೆ ಎಂಜಿನ್ ವಿಷಯ ಕೊನೇಲಿ ಕೇಳಿ. ಎಷ್ಟು ಹಾರ್ಸ್‌ಪವರ್, ಸೊನ್ನೆಯಿಂದ ಅರವತ್ತಕ್ಕೆ ಎಷ್ಟು ಸೆಕೆಂಡು, ಅದನ್ನೆಲ್ಲ ಮಾರೋರು ತಾವಾಗೇ ಹೇಳ್ತಾರೆ, ಬೇಡ ಅಂದ್ರೂ ಹೇಳ್ತಾರೆ. ನೀವು ಬಾಯಿ ಬಿಟ್ಟು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇದನ್ನ ಕಟ್ಟಿದ್ದು ಯಾರು?

ಮಾರುತಿನೋ ಹೋಂಡಾನೋ ಆದ್ರೆ ಈ ಪ್ರಶ್ನೆನೇ ಹುಟ್ಟಲ್ಲ. ಅದೇ ಮಾಡೆಲ್ಲಿನ ಗಾಡಿಗಳು ಸಾವಿರಗಟ್ಟಲೆ ಓಡಾಡ್ತಿರುತ್ತೆ, ಒಂದರ ಕಾಯಿಲೆ ಎಲ್ಲದಕ್ಕೂ ಇರುತ್ತೆ, ಮೆಕ್ಯಾನಿಕ್‌ಗೂ ಗೊತ್ತಿರುತ್ತೆ. ಕಿಟ್ ಕಾರಲ್ಲಿ ಕಂಪನಿ ಸಾಮಾನನ್ನ ಪೆಟ್ಟಿಗೆಗಳಲ್ಲಿ ಕಳಿಸುತ್ತೆ, ಅಷ್ಟೇ. ಯಾರೋ ಒಬ್ಬರು ಮನೆ ಗ್ಯಾರೇಜಲ್ಲಿ, ಶನಿವಾರ ಭಾನುವಾರ ಕೂತು ಜೋಡಿಸಿರ್ತಾರೆ. ಒಬ್ಬರು ಟಾರ್ಕ್ ರೆಂಚ್ ಹಿಡಿದು ಅಳತೆ ಪ್ರಕಾರ ಬಿಗಿ ಮಾಡಿರ್ತಾರೆ, ಇನ್ನೊಬ್ಬರು ಕೈಗೆ ಎಷ್ಟು ಬಂತೋ ಅಷ್ಟು. ಪಕ್ಕಪಕ್ಕ ನಿಲ್ಲಿಸಿದ್ರೆ ಎರಡೂ ಹಳದಿ, ಎರಡೂ ಪಳಪಳ.

ನಾನು ಇವತ್ತು ಮುಖ್ಯವಾಗಿ ಮಾತಾಡ್ತಿರೋದು ಸೆವೆನ್ ಜಾತಿಯ ಗಾಡಿಗಳ ಬಗ್ಗೆ, ಅಂದ್ರೆ ಎರಡು ಸೀಟಿನ ಹಗುರ ಓಪನ್ ಸ್ಪೋರ್ಟ್ಸ್ ಕಾರುಗಳು. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್ಮನ್ 1957ರಲ್ಲಿ ಲೋಟಸ್ ಸೆವೆನ್ ತಂದಾಗ ಬ್ರಿಟನ್ನಲ್ಲಿ ಪೂರ್ತಿ ಕಾರ್ ಕೊಂಡರೆ ಪರ್ಚೇಸ್ ಟ್ಯಾಕ್ಸ್ ಬೀಳ್ತಿತ್ತು, ಬಿಡಿ ಭಾಗಗಳಾಗಿ ಕೊಂಡರೆ ಬೀಳ್ತಿರಲಿಲ್ಲ. ಜೋಡಿಸೋದು ಹೇಗೆ ಅಂತ ಪುಸ್ತಕ ಕೊಟ್ರೆ ಆ ವಿನಾಯಿತಿಗೆ ಕುತ್ತು. ಅದಕ್ಕೇ ಬಿಚ್ಚೋದು ಹೇಗೆ ಅಂತ ಬರೆದು ಕೊಡ್ತಿದ್ರಂತೆ, ಕೊಂಡವರು ಹಿಂದಿನಿಂದ ಓದ್ಕೊಂಡು ಬರಬೇಕು. ನಮ್ಮ ಚಿಕ್ಕಪೇಟೆಯವರಿಗೂ ಹೊಳೀತಿತ್ತೋ ಇಲ್ವೋ ಈ ಐಡಿಯಾ! 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯ್ತು. ಅದೇ ವರ್ಷ ಸೆವೆನ್ ಹಕ್ಕು ಕೇಟರ್‌ಹ್ಯಾಮ್ ಕಂಪನಿ ಕೈಗೆ ಬಂತು. ಆಮೇಲೆ ವೆಸ್ಟ್‌ಫೀಲ್ಡ್ ಬಂತು, ಇನ್ನೂ ಹತ್ತಾರು ಸಣ್ಣ ಕಂಪನಿಗಳು ಬಂದ್ವು, ಕಬ್ಬಿಣದ ಪೈಪ್ ತಂದು ಮನೇಲೇ ವೆಲ್ಡ್ ಮಾಡಿ ಚಾಸಿ ಕಟ್ಟಿದವರೂ ಇದ್ದಾರೆ. ಎಲ್ಲದರ ಮೈಕಟ್ಟು ಹೆಚ್ಚುಕಮ್ಮಿ ಒಂದೇ: ಸ್ಟೀಲ್ ಪೈಪಿನ ಚಾಸಿ, ಮೇಲೆ ಅಲ್ಯೂಮಿನಿಯಂ ಇಲ್ಲಾ ಫೈಬರ್, ತೂಕ ಸುಮಾರು 500ರಿಂದ 600 ಕಿಲೋ. ನಮ್ಮ ಮಾರುತಿ 800ಗಿಂತ ಹಗುರ.

ಮೊದಲು ಕಾಗದ. ಮಳೆ ಬರಲಿ ಬಿಸಿಲಿರಲಿ, ಗಾಡಿ ಹತ್ರ ಹೋಗೋಕೆ ಮುಂಚೆ ಒಳಗೆ ಕೂತು ಕಾಗದ ನೋಡಿ. ವಿ5ಸಿ ಅಂದ್ರೆ ಇಲ್ಲಿನ ಆರ್‌ಸಿ. ಅದರಲ್ಲಿ ಮೇಕ್ ಏನಂತ ಇದೆ? ಎದುರಿಗೆ ನಿಂತಿರೋದು ವೆಸ್ಟ್‌ಫೀಲ್ಡ್, ಕಾಗದದಲ್ಲಿ ಫೋರ್ಡ್ ಎಸ್ಕಾರ್ಟ್ ಸಲೂನ್ ಅಂತಿದ್ರೆ, ಹಳೇ ಎಸ್ಕಾರ್ಟ್‌ನಿಂದ ಎಂಜಿನ್ ಕಿತ್ತು ಹಾಕಿದವರು ಅದರ ನಂಬರನ್ನೂ ಹಾಗೇ ಎತ್ಕೊಂಡು ಬಂದಿದ್ದಾರೆ, ಇಲ್ಲಿನ ಆರ್‌ಟಿಒ ಥರದ ಡಿವಿಎಲ್‌ಎಗೆ ಹೇಳಿಲ್ಲ. ಇವತ್ತು ಅವರಿಗೆ ಅದು ಸಣ್ಣ ವಿಷಯ. ನಾಳೆ ಇನ್ಶೂರೆನ್ಸ್ ಕ್ಲೇಮ್ ಆದಾಗ ನಿಮಗೆ ದೊಡ್ಡ ವಿಷಯ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಬರ್ಕೊಳ್ಳಿ, ಆಮೇಲೆ ಗಾಡಿ ಮೇಲೆ ಹುಡುಕಿ ತಾಳೆ ನೋಡಿ.

ಕ್ಯೂ ಪ್ಲೇಟ್ ಅಂದ್ರೆ ಜನ ಮೂಗು ಮುರೀತಾರೆ. ಯಾವ ವರ್ಷದ್ದು, ಯಾವ ಗಾಡಿದು ಅಂತ ಖಚಿತವಾಗಿ ಹೇಳೋಕಾಗದ ಭಾಗಗಳಿಂದ ಕಟ್ಟಿದ್ದಕ್ಕೆ ಕ್ಯೂ ಅಕ್ಷರದ ನಂಬರ್ ಕೊಡ್ತಾರೆ. ಅದರ ಮೇಲೆ ಫ್ಯಾನ್ಸಿ ನಂಬರ್ ಹಾಕೋ ಹಾಗಿಲ್ಲ, ಮಾರೋವಾಗ ಬೆಲೆ ಇಳಿಯುತ್ತೆ. ನನ್ನ ಅಭಿಪ್ರಾಯ ಬೇರೆ. ಅನುಮಾನದ ಕಾಗದ ಇಟ್ಕೊಂಡು ಚಂದದ ನಂಬರ್ ಇರೋ ಗಾಡಿಗಿಂತ, ನೇರ ಕಾಗದದ ಕ್ಯೂ ಪ್ಲೇಟ್ ಗಾಡಿನೇ ನಾನು ತಗೊಳ್ಳೋದು. ಬೆಲೆಯಲ್ಲಿ ಆಗೋ ಕಡಿತ ಕೊಳ್ಳೋವಾಗ ನಿಮಗೇ ಲಾಭ ತಾನೇ?

ಇನ್ನು ಪರೀಕ್ಷೆ. ಮನೇಲಿ ಕಟ್ಟಿದ ಗಾಡಿಗೆ 1998ರಿಂದ ಎಸ್‌ವಿಎ ಅಂತ ಒಂದು ತಪಾಸಣೆ ಇತ್ತು, 2009ರಲ್ಲಿ ಅದರ ಜಾಗಕ್ಕೆ ಐವಿಎ ಬಂತು. ಬ್ರೇಕು, ಲೈಟು, ಸೀಟ್ ಬೆಲ್ಟ್ ಹಾಕಿರೋ ಜಾಗ, ಮೈಗೆ ತಾಗೋ ಚೂಪು ಅಂಚು, ಎಲ್ಲಾ ನೋಡ್ತಾರೆ. 1998ಕ್ಕೂ ಮುಂಚೆ ರಸ್ತೆಗಿಳಿದ ಗಾಡಿಗೆ ಈ ಯೋಗ ಇಲ್ಲ, ನಮ್ಮ ಎಫ್‌ಸಿ ಥರದ ಎಂಒಟಿ ಮಾತ್ರ. ಎಂಒಟಿ ಮಾಡೋರು ಪ್ಯಾನೆಲ್ ಬಿಚ್ಚಿ ನೋಡಲ್ಲ, ನೆನಪಿರಲಿ. ಐವಿಎ ಆದ ಗಾಡಿಯಲ್ಲೂ ಒಂದು ಆಟ ಇದೆ. ಪಾಸಾಗೋವರೆಗೆ ಅಂಚಿಗೆಲ್ಲ ರಬ್ಬರ್, ದೊಡ್ಡ ಕನ್ನಡಿ, ಮೆತ್ತಗಿನ ಸೈಲೆನ್ಸರ್. ಪಾಸಾದ ವಾರಕ್ಕೆ ಎಲ್ಲಾ ಮಾಯ. ಕಿತ್ತಿಟ್ಟ ಸಾಮಾನಿನ ಡಬ್ಬ ಎಲ್ಲಿದೆ ಅಂತ ಕೇಳಿ.

ಕಾಗದದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಸರ್ಕಾರ ಕೊಟ್ಟಿದ್ದಲ್ಲ, ಕಟ್ಟಿದವರು ಇಟ್ಟಿದ್ದು. ಕಟ್ಟುವಾಗ ತೆಗೆದ ಫೋಟೋ, ಬಿಲ್ಲುಗಳು, ಯಾವ ಭಾಗ ಯಾವ ಗಾಡಿದು ಅನ್ನೋ ಪಟ್ಟಿ. ಈ ಪಟ್ಟಿ ಯಾಕೆ ಬೇಕು ಅಂದ್ರೆ, ಮುಂದಿನ ಬ್ರೇಕ್ ಫೋರ್ಡ್ ಸಿಯೆರಾದು, ಹಿಂದಿನ ಆ್ಯಕ್ಸಲ್ ಎಸ್ಕಾರ್ಟ್‌ದು, ರೇಡಿಯೇಟರ್ ಇನ್ಯಾವುದೋ ಫೋಕ್ಸ್‌ವ್ಯಾಗನ್‌ದು, ಹೀಗಿರುತ್ತೆ ಸಂಸಾರ. ಬ್ರೇಕ್ ಪ್ಯಾಡ್ ಸವೆದ ದಿನ ನೀವು ಅಂಗಡಿಗೆ ಹೋಗಿ ಏನಂತ ಕೇಳ್ತೀರಾ? ಪಟ್ಟಿ ಇಲ್ಲದಿದ್ರೆ ಹಳೇ ಪ್ಯಾಡ್ ಕೈಲಿ ಹಿಡಿದು ಕೌಂಟರ್‌ನಿಂದ ಕೌಂಟರ್‌ಗೆ ಅಲೀಬೇಕು.

ಈಗ ಗಾಡಿ ಹತ್ರ ಬನ್ನಿ. ಸೆವೆನ್‌ನಲ್ಲಿ ಒಂದು ಅನುಕೂಲ ಏನಂದ್ರೆ ಬಾನೆಟ್ ಪೂರ್ತಿ ಎತ್ತಿ ಪಕ್ಕಕ್ಕಿಡಬಹುದು, ಮೂತಿನೂ ಬಿಚ್ಚಿ ತೆಗೀಬಹುದು. ತೆಗೆಸಿ. ಮುಂದೆ ಎಲ್ಲಾದ್ರೂ ಗುದ್ದಿದ್ರೆ ಸತ್ಯ ಇರೋದು ಆ ಫೈಬರ್ ಮೂತಿ ಹಿಂದೆ. ಫೈಬರನ್ನ ಒಂದೇ ದಿನದಲ್ಲಿ ಹೊಸದು ಹಾಕಬಹುದು, ಬಾಗಿದ ಪೈಪನ್ನ ಹಾಗೆಲ್ಲ ಮುಚ್ಚೋಕಾಗಲ್ಲ. ಪೈಪಿನ ಗೆರೆ ಮೇಲೆ ಬೆರಳಾಡಿಸಿ. ಸಸ್ಪೆನ್ಶನ್ ತೋಳು ಚಾಸಿಗೆ ಕೂಡೋ ಜಾಗದಲ್ಲಿ ಬಣ್ಣ ಬಿರುಕು ಬಿಟ್ಟಿದ್ಯಾ, ಒಂದು ಕಡೆ ಮಾತ್ರ ಹೊಸ ಬಣ್ಣ ಇದ್ಯಾ ನೋಡಿ. ಟೇಪ್ ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎಡಕ್ಕೂ ಬಲಕ್ಕೂ ಅಳೀರಿ, ಎರಡೂ ಒಂದೇ ಬರಬೇಕು. ಮಾರೋರು ಮುಖ ಗಂಟು ಹಾಕ್ಕೊಂಡ್ರೆ ಹಾಕ್ಕೊಳ್ಳಲಿ.

ಚಾಸಿಗೆ ಪೌಡರ್ ಕೋಟಿಂಗ್ ಇದ್ರೆ ಇನ್ನೂ ಹುಷಾರು. ಕಲ್ಲು ಹೊಡೆದು ಒಂದು ಚಕ್ಕೆ ಎದ್ದರೆ ಸಾಕು, ನೀರು ಒಳಗೆ ಸೇರಿ ಕೋಟಿಂಗ್ ಅಡಿಯಲ್ಲೇ ತುಕ್ಕು ಹರಡ್ತಾ ಹೋಗುತ್ತೆ, ಮೇಲಿಂದ ನೋಡಿದ್ರೆ ಎಲ್ಲಾ ನುಣುಪು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕೋದರಿಂದ ಕೆಳಗಿನ ಪೈಪುಗಳಿಗೇ ಹೆಚ್ಚು ಏಟು. ಜಾಕ್ ಹಾಕಿ ಎತ್ತಿಸಿ, ಟಾರ್ಚ್ ಹಿಡಿದು ಮಲಗಿ, ಉಬ್ಬಿದ ಜಾಗ ಉಗುರಲ್ಲಿ ಒತ್ತಿ. ಕೇಟರ್‌ಹ್ಯಾಮ್‌ಗೆ ದಶಕಗಳ ಕಾಲ ಚಾಸಿ ಕಟ್ಟಿಕೊಟ್ಟವರು ಆರ್ಚ್ ಮೋಟರ್ಸ್. ಅಂಥವರ ಹತ್ರ ರಿಪೇರಿ ಮಾಡಿಸಿದ ಬಿಲ್ ಇದ್ರೆ ನಾನು ಅದನ್ನ ದೋಷ ಅಂತ ಎಣಿಸಲ್ಲ. ಟಿಂಕರಿಂಗ್ ಶೆಡ್ಡಲ್ಲಿ ಪ್ಯಾಚ್ ಹೊಡೆಸಿದ್ರೆ ಎದ್ದು ಬನ್ನಿ.

ಮಲಗಿದ್ದೀರಲ್ಲ, ಹಾಗೇ ಕಟ್ಟಿದವರ ಕೈ ಓದಿ. ರಿವೆಟ್‌ಗಳು ಒಂದೇ ಸಾಲಲ್ಲಿ ಇವೆಯಾ? ನಟ್ಟಿಂದಾಚೆ ಬೋಲ್ಟಿನ ಎರಡು ಮೂರು ಸುತ್ತು ಥ್ರೆಡ್ ಕಾಣುತ್ತಾ, ಇಲ್ಲಾ ಬೋಲ್ಟು ಒಳಗೇ ಮುಗಿದಿದೆಯಾ? ಬಿಗಿ ಮಾಡಿದ ಮೇಲೆ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆದಿದ್ರೆ, ಆ ಮನುಷ್ಯನಿಗೆ ಮನಸ್ಸಲ್ಲೇ ನಮಸ್ಕಾರ ಹೇಳಿ. ವೈರು, ಪೆಟ್ರೋಲ್ ಪೈಪು ತಗಡಿನ ತೂತಿನೊಳಗೆ ಹಾದು ಹೋಗೋ ಕಡೆ ರಬ್ಬರ್ ಬಳೆ ಇದೆಯಾ? ಇಲ್ಲದಿದ್ರೆ ಅಲುಗಾಟಕ್ಕೆ ತಗಡು ವೈರನ್ನ ಕುಯ್ದೇ ಕುಯ್ಯುತ್ತೆ. ಡ್ಯಾಶ್ ಹಿಂದೆ ಕೈ ಹಾಕಿದಾಗ ಇನ್ಸುಲೇಶನ್ ಟೇಪ್ ಅಂಟು ಅಂಟಾಗಿ ಕೈಗೆ ಬಂದ್ರೆ ಮುಂದಿನ ವರ್ಷದ ನಿಮ್ಮ ಭಾನುವಾರಗಳೆಲ್ಲ ಅಲ್ಲೇ. ಕಿಟ್ ಕಾರ್ ದಾರಿ ಮಧ್ಯ ನಿಂತು ಮರ್ಯಾದೆ ತೆಗೆಯೋದು ಎಂಜಿನ್‌ನಿಂದಲ್ಲ, ಬಹುತೇಕ ಸಡಿಲ ಅರ್ಥಿಂಗ್‌ನಿಂದ.

ಕಮ್ಮಿ ಮೈಲು ಓಡಿದೆ ಅನ್ನೋದಕ್ಕೆ ಮರುಳಾಗಬೇಡಿ. ಇಪ್ಪತ್ತು ವರ್ಷದಲ್ಲಿ ಆರು ಸಾವಿರ ಮೈಲಿ ಅಂದ್ರೆ ಗಾಡಿ ನಿಂತೇ ಹಳೇದಾಗಿದೆ. ರಬ್ಬರ್ ಬುಷ್ ಒಣಗಿರುತ್ತೆ, ಬ್ರೇಕ್ ಹಿಡ್ಕೊಂಡಿರುತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 1412 ಅಂತಿದ್ರೆ 2012ರ ಹದಿನಾಲ್ಕನೇ ವಾರದ್ದು. ಟೈರಿನ ಗೆರೆ ಎಷ್ಟೇ ಆಳ ಇರಲಿ, ಅಷ್ಟು ಹಳೇ ರಬ್ಬರು ಒದ್ದೆ ರಸ್ತೇಲಿ ಹಿಡಿಯಲ್ಲ.

ಸರಿ, ಎಂಜಿನ್. ನೀವು ಹೋಗೋ ಹೊತ್ತಿಗೆ ತಣ್ಣಗಿರಲಿ ಅಂತ ಮೊದಲೇ ಹೇಳಿ. ರೋವರ್ ಕೆ ಸೀರೀಸ್ ಆಗಿದ್ರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಹೆಡ್‌ಗೂ ನಡುವಿನ ಸೀಲ್) ಬಗ್ಗೆ ಕೇಳಿ. ಹಗುರ ಎಂಜಿನ್, ಸೆವೆನ್‌ಗೆ ಹೇಳಿ ಮಾಡಿಸಿದ್ದು, ಆದ್ರೆ ಕೂಲಂಟ್ ಕಮ್ಮಿ ಹಿಡಿಯುತ್ತೆ, ಬಿಸಿಯಾದ್ರೆ ಗ್ಯಾಸ್ಕೆಟ್ ಹೋಗುತ್ತೆ. ಆಯಿಲ್ ಮುಚ್ಚಳದ ಅಡಿ ಕೆನೆ ಥರ ಕಂಡ್ರೆ ಅನುಮಾನ ಪಡಿ, ಕಡಿಮೆ ಓಡೋ ಗಾಡಿಯಲ್ಲಿ ಅದು ಬರೀ ತೇವಾಂಶನೂ ಆಗಿರಬಹುದು, ಅದಕ್ಕೇ ಕೂಲಂಟ್ ಡಬ್ಬಿನೂ ನೋಡಿ. ಎಂಜಿನ್ ಅಡಿಯ ಆಯಿಲ್ ಸಂಪ್ ಕೆಳಗೆ ಉಜ್ಜಿದ ಗುರುತು ಸಾಮಾನ್ಯ, ಈ ಗಾಡಿಗಳು ಅಷ್ಟು ಕೆಳಗಿರುತ್ತೆ. ಬಿರುಕು ಸಾಮಾನ್ಯ ಅಲ್ಲ. ಬೈಕ್ ಎಂಜಿನ್ ಹಾಕಿರೋದಾದ್ರೆ ರಿವರ್ಸ್ ಗೇರ್ ಇದ್ಯಾ ಕೇಳಿ. ನಗಬೇಡಿ, ಕೆಲವಕ್ಕೆ ಇರಲ್ಲ, ಇಳಿದು ತಳ್ಳಬೇಕು. ಇಷ್ಟು ಸಾಕು. ಎಂಜಿನ್ ಕೆಟ್ಟರೆ ಇನ್ನೊಂದು ಸಿಗುತ್ತೆ, ಚಾಸಿ ಮತ್ತು ಕಾಗದ ಕೆಟ್ಟರೆ ಹಾಗೆ ಅಂಗಡಿಯಲ್ಲಿ ಸಿಗಲ್ಲ.

ಕೂತು ನೋಡೋದು ಮರೀಬೇಡಿ. ಶೂ ಅಗಲ ಇದ್ರೆ ಬ್ರೇಕ್ ಒತ್ತೋವಾಗ ಆ್ಯಕ್ಸಿಲರೇಟರ್‌ನೂ ಒತ್ತುತ್ತೀರ. ಮೈಕೈ ತುಂಬಿಕೊಂಡಿರೋರಿಗೆ ಕೇಟರ್‌ಹ್ಯಾಮ್‌ನಲ್ಲಿ ಎಸ್‌ವಿ ಅಂತ 110 ಮಿಲಿಮೀಟರ್ ಹೆಚ್ಚು ಅಗಲದ ಚಾಸಿ ಬರುತ್ತೆ, ಅದನ್ನೇ ಹುಡುಕಿ.

ಕ್ಯಾಲಿಫೋರ್ನಿಯಾದಿಂದ ನೋಡ್ತಿರೋರು, ನೀವು ಕೋಬ್ರಾ ರೆಪ್ಲಿಕಾ, ಅಂದ್ರೆ 1960ರ ದಶಕದ ಕೋಬ್ರಾ ಸ್ಪೋರ್ಟ್ಸ್ ಕಾರಿನ ನಕಲು, ಹುಡುಕ್ತಿರ್ತೀರ. ನಿಮಗೂ ಮೊದಲು ಕಾಗದಾನೇ. ಅಲ್ಲಿ ಎಸ್‌ಬಿ 100 ಕಾಯ್ದೆ ಪ್ರಕಾರ ವರ್ಷಕ್ಕೆ 500 ಗಾಡಿಗೆ ಮಾತ್ರ ಹೊಗೆ ಪರೀಕ್ಷೆಯಲ್ಲಿ ವಿನಾಯಿತಿ. ಅದು ಸಿಕ್ಕಿರೋ ಗಾಡಿಗೂ, ಬೇರೆ ರಾಜ್ಯದಿಂದ "1965 ಮಾಡೆಲ್" ಅಂತ ಬರೆಸ್ಕೊಂಡು ಬಂದ ಗಾಡಿಗೂ ಅಜಗಜಾಂತರ. ಇನ್ನು ಊರಿಗೆ ತಗೊಂಡು ಹೋಗಿ ನಂದಿ ಬೆಟ್ಟ ಹತ್ತಿಸ್ತೀನಿ ಅನ್ನೋರು ಆ ಆಸೆ ಬಿಡಿ. ಮೂರು ವರ್ಷ ದಾಟಿದ ಹಳೇ ಕಾರನ್ನ ಸಾಮಾನ್ಯವಾಗಿ ಭಾರತಕ್ಕೆ ತರೋಕೆ ಬಿಡಲ್ಲ.

ಯಾವಾಗ ಕೊಳ್ಳೋದು? ಏಪ್ರಿಲ್ ಬಿಸಿಲು ಬಿದ್ದ ಕೂಡಲೇ ಎಲ್ಲರಿಗೂ ಓಪನ್ ಕಾರ್ ಬೇಕು, ಬೆಲೆ ಏರುತ್ತೆ. ನವೆಂಬರಲ್ಲಿ ಹೋಗಿ. ಸೋನೆ ಮಳೆ ಇರೋ ದಿನನೇ ಆಗಲಿ. ಟಾಪ್ ಹಾಕಿಸಿ, ಪಕ್ಕದ ಪರದೆ ಹಾಕಿಸಿ, ಎಲ್ಲಾ ಇದೆಯಾ ಹರಿದಿದೆಯಾ ನೋಡಿ, ಹೊಸದಾಗಿ ಮಾಡಿಸೋಕೆ ಹೋದ್ರೆ ಕೈ ಕಚ್ಚುತ್ತೆ. ಹಾಗೇ ಹೀಟರ್ ಎಲ್ಲಿದೆ ಅಂತ ಕೇಳಿ. "ತೂಕ ಕಮ್ಮಿ ಆಗಲಿ ಅಂತ ತೆಗೆದುಬಿಟ್ಟೆ" ಅಂತಾರೆ. ಅಲ್ಲಿಂದ ಚೌಕಾಸಿ ಶುರು ಮಾಡಿ.