ಹೊರಗಿಂದ ಬಂದರೆ ಒಳಗೆ ನಿಲ್ಲುತ್ತದೆ

ನಮಸ್ಕಾರ. ಜಿಮ್‌ಗೆ ಹೋಗುವ ಮಗ ಮನೆಯಲ್ಲಿದ್ದರೆ ಅವನನ್ನೂ ಕರೆದು ಕೂರಿಸಿಕೊಳ್ಳಿ. ನಾನು ಹೇಳೋದು ಒಂದೇ ಮಾತು. ಮೈ ಬೆಳೆಸೋಕೆ ಅಂತ ಗಂಡಸಿನ ಹಾರ್ಮೋನನ್ನು ಹೊರಗಿಂದ ಚುಚ್ಚಿಸಿಕೊಂಡರೆ, ಒಳಗೆ ಅದನ್ನು ತಯಾರಿಸುವ ಕೆಲಸ ನಿಂತುಹೋಗುತ್ತದೆ.

ನಾನು ಡಾಕ್ಟರು. ನನ್ನ ಹತ್ತಿರ ಒಬ್ಬ ಹುಡುಗ ಹೆಂಡತಿ ಜೊತೆ ಬಂದಿದ್ದ. 28 ವರ್ಷ. ಶರ್ಟಿನ ತೋಳು ಎಷ್ಟು ಬಿಗಿ ಅಂದರೆ ಹೊಲಿಗೆ ಬಿಟ್ಟುಕೊಂಡಿತ್ತು. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಿಲ್ಲ, ಆ ಹೆಣ್ಣುಮಗಳಿಗೆ ಎಲ್ಲಾ ಪರೀಕ್ಷೆ ಮಾಡಿಸಿ, ಹರಕೆಯನ್ನೂ ಹೊರಿಸಿ ಆಗಿತ್ತು, ಇವನನ್ನು ಮಾತ್ರ ಯಾರೂ ಪರೀಕ್ಷೆ ಮಾಡಿರಲಿಲ್ಲ. ನಾನು ಮಾಡಿಸಿದೆ. ಒಂದೇ ಒಂದು ವೀರ್ಯಾಣು ಇಲ್ಲ. 'ಇಂಜೆಕ್ಷನ್ ಏನಾದರೂ ತಗೊಳ್ತೀಯೇನಪ್ಪಾ?' ಅಂದೆ. 'ಇಲ್ಲ ಸರ್, ಪ್ರೋಟೀನ್ ಅಷ್ಟೇ' ಅಂದ. ಪ್ರೋಟೀನ್ ಪುಡಿಗೆ ಹೀಗಾಗಲ್ಲ! ಹೆಂಡತಿಯನ್ನು ಹೊರಗೆ ಕೂರಲು ಹೇಳಿ ಮತ್ತೆ ಕೇಳಿದೆ. ಆಗ ತಲೆ ತಗ್ಗಿಸಿ ಫೋನಿನಲ್ಲಿ ಫೋಟೋ ತೋರಿಸಿದ. ಗಂಡಸಿನ ಹಾರ್ಮೋನು ಟೆಸ್ಟೋಸ್ಟೆರಾನ್, ಅದೇ ಥರದ ಡೆಕಾ ಅನ್ನೋ ಇಂಜೆಕ್ಷನ್, ಜೊತೆಗೆ ಡಯಾನಬಾಲ್ ಅನ್ನೋ ಸ್ಟೀರಾಯ್ಡ್ ಮಾತ್ರೆ. ಟ್ರೈನರ್ ಕೊಟ್ಟಿದ್ದಂತೆ, ಎರಡು ವರ್ಷದಿಂದ ಸೈಕಲ್ ಮೇಲೆ ಸೈಕಲ್, ಅಂದರೆ ಔಷಧಿಯ ಒಂದು ಸುತ್ತು ಮುಗಿದರೆ ಇನ್ನೊಂದು ಸುತ್ತು.

ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಗ್ರಂಥಿ ಇದೆ, ಪಿಟ್ಯುಟರಿ ಅಂತ. ವೃಷಣಗಳಿಗೆ ಕೆಲಸ ಹೇಳೋದು ಅದೇ. ರಕ್ತದಲ್ಲಿ ಹಾರ್ಮೋನು ತುಂಬಿ ತುಳುಕುತ್ತಿದ್ದರೆ ಅದು ಹೇಳೋದನ್ನೇ ಬಿಡುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಹುಟ್ಟೋದಿಲ್ಲ. ಹೊರಗಿಂದ ಬಂತು, ಒಳಗೆ ನಿಂತಿತು, ಅಷ್ಟೇ.

ಅವನು ಎಲ್ಲಾ ಬಿಟ್ಟ. ಬಿಟ್ಟ ಮೇಲೆ ಹಲವು ತಿಂಗಳು ಹಾಸಿಗೆಯಿಂದ ಏಳೋಕೂ ಮನಸ್ಸಿಲ್ಲ, ಮೈಯಲ್ಲಿ ಬಲವಿಲ್ಲ, ಯಾಕಂದರೆ ಒಳಗಿನ ಕೆಲಸ ಇನ್ನೂ ಶುರುವಾಗಿರಲಿಲ್ಲ. 11 ತಿಂಗಳಾದ ಮೇಲೆ ವರದಿಯಲ್ಲಿ ವೀರ್ಯಾಣು ಕಾಣಿಸಿತು. ಆ ಕಾಗದ ಹಿಡಿದುಕೊಂಡು ಅವನ ಹೆಂಡತಿ ಅತ್ತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸಮಯ ಕಮ್ಮಿ ಇದೆ, ಇವುಗಳಿಂದಾಗುವ ಉಳಿದ ತೊಂದರೆ ಬೇಗ ಹೇಳ್ತೀನಿ. ಹೃದಯದ ಗೋಡೆ ದಪ್ಪವಾಗುತ್ತದೆ, ಒಳ್ಳೆ ಕೊಲೆಸ್ಟರಾಲ್ ಇಳಿಯುತ್ತದೆ, ರಕ್ತ ಮಂದವಾಗುತ್ತದೆ. ಮಾತ್ರೆ ಲಿವರ್ ಕೆಡಿಸುತ್ತದೆ. ಗಂಡಸರಿಗೂ ಎದೆ ಬೆಳೆಯುತ್ತದೆ. ಇಂಥವನ್ನೇ ತಗೊಳ್ತಿದ್ದ ಆಸ್ಟ್ರಿಯಾದ ಹೆಸರಾಂತ ಬಾಡಿಬಿಲ್ಡರ್ ಆಂಡ್ರಿಯಾಸ್ ಮುನ್ಸರ್ 1996ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 31 ವರ್ಷ.

ಈಗಾಗಲೇ ತಗೊಳ್ತಿದ್ದೀರಾ? ನಾಚಿಕೆ ಪಡಬೇಡಿ, ನಾವು ಬೈಯೋದಿಲ್ಲ. ಖಾಲಿ ಶೀಶೆ, ಮಾತ್ರೆ ಚೀಟಿ ಎಲ್ಲಾ ಕವರಿನಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಬನ್ನಿ. ಹೆಂಡತಿಯನ್ನೂ ಒಳಗೇ ಕೂರಿಸಿಕೊಳ್ಳಿ.