ಸಂತಾಪ ಯಾರದು, ಶ್ರದ್ಧಾಂಜಲಿ ಯಾರಿಗೆ?

ಕೇಳುಗರೇ, ನಮಸ್ಕಾರ.

ಇವತ್ತಿನ ಮಾತು ‘ಸಂತಾಪ’ ಅನ್ನುವ ಪದದ ಬಗ್ಗೆ. ಪೇಪರ್ ತೆರೆದರೆ ದಿನಾ ಕಣ್ಣಿಗೆ ಬೀಳುತ್ತದೆ. ವಿಧಾನಸಭೆ ಅಧಿವೇಶನ ಶುರುವಾದರೆ ಅಗಲಿದ ಗಣ್ಯರಿಗಾಗಿ ಸಂತಾಪ ಸೂಚನೆಯ ನಿರ್ಣಯ ಬರುತ್ತದೆ, ಸದಸ್ಯರು ಎದ್ದು ನಿಂತು ಮೌನ ಆಚರಿಸುತ್ತಾರೆ. ಕೇಳಿ ಕೇಳಿ ಇದು ಬರೀ ಕಾಗದದ ಪದ, ಲೆಟರ್‌ಹೆಡ್ಡಿನ ಪದ ಅಂತ ಅನಿಸಿಬಿಟ್ಟಿದೆ, ಅಲ್ವಾ?

ಆದರೆ ಪದದ ಒಳಗೆ ಇರುವುದು ಬೆಂಕಿ. ತಾಪ ಅಂದರೆ ಬಿಸಿ, ಕಾವು. ಸಂತಾಪ ಅಂದರೆ ಪೂರ್ತಿ ಬೇಯುವುದು. ಮಾಡಿದ ತಪ್ಪು ಆಮೇಲೆ ಸುಟ್ಟರೆ ಪಶ್ಚಾತ್ತಾಪ. ಅದೂ ಇದೇ ತಾಪದ ಮನೆತನದ್ದೇ. ಸಂಸ್ಕೃತದ ಮಾತು ಬಿಡಿ, ನಮ್ಮದೇ ‘ಅಳಲು’ ನೋಡಿ. ಅಳುವುದಕ್ಕೆ ಮಾತ್ರ ಸಂಬಂಧಪಟ್ಟದ್ದು ಅಂದುಕೊಳ್ಳುತ್ತೇವೆ. ತಮಿಳಿನಲ್ಲಿ ಇದರ ಜೋಡಿ ಪದಕ್ಕೆ ಬೆಂಕಿ, ಉರಿ ಅಂತಲೇ ಅರ್ಥ. ಪಾಪ, ಈ ಅಳಲು ಈಗ ಸುದ್ದಿಯವರ ಕೈಗೆ ಸಿಕ್ಕು ದೂರು ಆಗಿಬಿಟ್ಟಿದೆ. ರಸ್ತೆಗೆ ಡಾಂಬರು ಇಲ್ಲ ಅಂತ ಊರವರು ‘ಅಳಲು ತೋಡಿಕೊಂಡರು’ ಅಂತ ಬರೆಯುತ್ತಾರೆ. ಹಾಗಾಗಿ ಯಾರಾದರೂ ತೀರಿಕೊಂಡಾಗ ‘ನನ್ನ ಅಳಲು’ ಅಂತ ಬರೆದರೆ ಇವತ್ತು ಕಿವಿಗೆ ಕೂರುವುದಿಲ್ಲ.

ಮನೆಮಾತಿನಲ್ಲಿ ಮಾತ್ರ ಆ ಬೆಂಕಿ ಆರಿಲ್ಲ. ಎಳೆ ಮಗು ಹೋದ ಮನೆಯಿಂದ ಬಂದವರು ಏನಂತಾರೆ? ‘ಹೊಟ್ಟೆ ಉರಿದುಹೋಯ್ತು ಕಣ್ರೀ’ ಅಂತಾರೆ. ‘ಕರುಳು ಚುರುಕ್ ಅಂತು’ ಅಂತಾರೆ. ಸಂತಾಪ ಅಂದರೆ ಇದೇ.

ಇಷ್ಟು ಗೊತ್ತಾದರೆ ಪದ ಬಳಸುವ ಬಗೆಯೂ ಅರ್ಧ ಗೊತ್ತಾದ ಹಾಗೆ. ಸುಡುತ್ತಿರುವುದು ನನ್ನೊಳಗೆ. ಅದನ್ನು ನಾನು ಸೂಚಿಸಬಹುದು, ವ್ಯಕ್ತಪಡಿಸಬಹುದು. ಇನ್ನೊಬ್ಬರಿಗೆ ಅರ್ಪಿಸಲು ಆಗುವುದಿಲ್ಲ. ‘ಸಂತಾಪಗಳನ್ನು ಅರ್ಪಿಸುತ್ತೇವೆ’ ಅಂತ ಫ್ಲೆಕ್ಸ್‌ಗಳಲ್ಲಿ ಬರೆಸುತ್ತಾರಲ್ಲ, ಅಲ್ಲಿ ಎರಡು ಮಾತು ಕಲಸಿಹೋಗಿವೆ. ಅರ್ಪಿಸುವುದು ಶ್ರದ್ಧಾಂಜಲಿಯನ್ನು.

ಶ್ರದ್ಧೆಯ ಅಂಜಲಿ, ಶ್ರದ್ಧಾಂಜಲಿ. ಅಂಜಲಿ ಅಂದರೆ ಬೊಗಸೆ, ಜೋಡಿಸಿದ ಕೈ. ಹತ್ತನೇ ಶತಮಾನದ ರನ್ನನ ಗದಾಯುದ್ಧದಲ್ಲಿ ಒಂದು ಜಾಗ ಇದೆ. ದುರ್ಯೋಧನ ರಣರಂಗದಲ್ಲಿ ನಡೆಯುತ್ತಾ ಮಗ ಲಕ್ಷಣಕುಮಾರನ ಹೆಣದ ಮುಂದೆ ನಿಲ್ಲುತ್ತಾನೆ. ತಂದೆಗೆ ಮಗ ಜಲಾಂಜಲಿ ಕೊಡುವುದು ಸರಿ, ಈಗ ನಿನಗೆ ನಾನು ಕೊಡುವ ಹಾಗಾಯಿತೇ, ಕ್ರಮವನ್ನೇ ಅದಲುಬದಲು ಮಾಡಿದೆಯಲ್ಲ ಮಗನೇ ಅನ್ನುತ್ತಾನೆ. ದುಃಖ ಅಂತ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಬೊಗಸೆ ನೀರು ಯಾರು ಯಾರಿಗೆ ಬಿಡಬೇಕಿತ್ತು ಅನ್ನುವ ಲೆಕ್ಕ ಮಾತ್ರ ಹೇಳುತ್ತಾನೆ. ಇದಕ್ಕಿಂತ ದೊಡ್ಡ ಶೋಕದ ಮಾತು ಕನ್ನಡದಲ್ಲಿ ಇದೆಯೇ ಅಂತ ನನಗೆ ಅನುಮಾನ.

ಅಂಜಲಿ ಸಲ್ಲುವುದು ಹೋದವರಿಗೆ, ಇದ್ದವರಿಗಲ್ಲ. ‘ಮೃತರ ಕುಟುಂಬದವರಿಗೆ ಶ್ರದ್ಧಾಂಜಲಿ’ ಅಂತ ಅವಸರದಲ್ಲಿ ಮೆಸೇಜ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಬದುಕಿರುವವರಿಗೆ ಬೇಕಾದದ್ದು ಸಾಂತ್ವನ. ಇನ್ನು ಅಕ್ಷರದ ವಿಷಯ. ‘ಶ’ಕ್ಕೆ ‘ರ’ ಒತ್ತು ಕೊಡಬೇಕು. ‘ಶೃದ್ಧಾಂಜಲಿ’ ಅಂತ ವಟ್ರಸುಳಿ ಹಾಕುವುದು ತಪ್ಪು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಊರೂರಿನ ಸರ್ಕಲ್ಲುಗಳಲ್ಲಿ ಫ್ಲೆಕ್ಸ್ ಎದ್ದವು. ಅವುಗಳಲ್ಲಿ ಎರಡೂ ಥರದ ಬರಹ ಇತ್ತು. ಅಭಿಮಾನಿಗಳ ಸಂಕಟದ ಮುಂದೆ ಕಾಗುಣಿತ ಯಾರು ನೋಡ್ತಾರೆ, ಸರಿ. ಪ್ರಿಂಟ್ ಹಾಕುವವರಾದರೂ ನೋಡಬಹುದಿತ್ತು.

ಶೋಕಾಚರಣೆ ಬೇರೆ. ಅದನ್ನು ಸರ್ಕಾರ ಘೋಷಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಎಸ್.ಎಂ. ಕೃಷ್ಣ ನಿಧನರಾದಾಗ ರಾಜ್ಯದಲ್ಲಿ 3 ದಿನ ಶೋಕಾಚರಣೆ ಇತ್ತು. ಆಗ ಬಾವುಟ ಅರ್ಧಕ್ಕೆ ಇಳಿಯುತ್ತದೆ, ಸರ್ಕಾರಿ ಮನರಂಜನಾ ಕಾರ್ಯಕ್ರಮ ನಿಲ್ಲುತ್ತದೆ. ಅದು ನಿಯಮ. ಸಂತಾಪಕ್ಕೆ ಅಂಥ ಗಡುವಿಲ್ಲ.

‘ವಿಷಾದ’ದ ಹತ್ತಿರ ಸ್ವಲ್ಪ ಹುಷಾರಾಗಿರಬೇಕು. ಭಗವದ್ಗೀತೆಯ ಮೊದಲ ಅಧ್ಯಾಯವೇ ಅರ್ಜುನ ವಿಷಾದ ಯೋಗ. ಅಲ್ಲಿ ಅದು ಕೈಕಾಲು ಸೋಲಿಸುವ ದುಃಖ. ಆದರೆ ಈಗ ರೈಲು ತಡವಾದರೂ ವಿಷಾದ, ನೀರು ಬರದಿದ್ದರೂ ವಿಷಾದ. ‘ನಿಮ್ಮ ತಾಯಿಯವರ ನಿಧನಕ್ಕೆ ವಿಷಾದಿಸುತ್ತೇನೆ’ ಅಂದರೆ ಏನೋ ತಪ್ಪು ಒಪ್ಪಿಕೊಂಡ ಹಾಗೆ ಕೇಳುತ್ತದೆ. ಅಲ್ಲಿ ಸಂತಾಪವೇ ಸರಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು. ಸಾವಿನ ಮನೆಗೆ ಹೋದಾಗ ಸಂತಾಪ ಅನ್ನುವ ಪದ ಯಾರೂ ಬಾಯಿಗೆ ತರುವುದಿಲ್ಲ. ‘ಹೀಗಾಗಬಾರದಿತ್ತು’ ಅಂತಾರೆ. ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಕ್ಕ’ ಅಂತಾರೆ. ಹೊರಡುವಾಗ ‘ಬರ್ತೀನಿ’ ಅನ್ನಬಾರದು ಅಂತ ಎಷ್ಟೋ ಕಡೆ ರೂಢಿ, ಸುಮ್ನೆ ಎದ್ದು ಬರುತ್ತಾರೆ. ಹೋಗಿ ಬಂದದ್ದಕ್ಕೆ ನಮ್ಮಲ್ಲಿ ಇರುವ ಮಾತು ‘ಮಾತಾಡಿಸಿಕೊಂಡು ಬಂದೆ’. ಕೆಲವೊಮ್ಮೆ ಅಲ್ಲಿ ಕೂತಷ್ಟು ಹೊತ್ತೂ ಒಂದು ಮಾತೂ ಆಡಿರುವುದಿಲ್ಲ. ಆದರೂ ಮಾತಾಡಿಸಿಕೊಂಡು ಬಂದ ಹಾಗೆಯೇ.

ಆಫೀಸಿನಿಂದ, ಸಂಘದಿಂದ ಪತ್ರ ಹೋಗಬೇಕಾದರೆ ‘ತೀವ್ರ ಸಂತಾಪ ಸೂಚಿಸುತ್ತೇವೆ’ ಅಂತ ಧಾರಾಳವಾಗಿ ಬರೆಯಿರಿ. ಗೆಳೆಯನಿಗೆ ಬರೆಯುವಾಗ ಅದರ ಜೊತೆಗೆ ಹೋದವರ ಬಗ್ಗೆ ನಿಮಗೆ ಗೊತ್ತಿರುವ ಒಂದು ಸಂಗತಿ ಸೇರಿಸಿ. ‘ನಿಮ್ಮಪ್ಪ ಬಸ್‌ಸ್ಟ್ಯಾಂಡಿನ ತನಕ ಬಂದು ಸೀಟು ಹಿಡಿದು ಕೊಡ್ತಿದ್ರು’ ಅಂತ ಬರೆದರೂ ಸಾಕು. ಕೈಮುಗಿದ ಇಮೋಜಿ ಒಂದನ್ನೇ ಒತ್ತಿ ಮುಗಿಸುವುದಕ್ಕಿಂತ ಅದು ಎಷ್ಟೋ ವಾಸಿ.

ನಮಸ್ಕಾರ.