ಖಾಲಿ ದ್ವೀಪ ಅಂತೆ, ಖಾಲಿ!

ನಮಸ್ಕಾರ ನಮಸ್ಕಾರ, ಎಲ್ರದ್ದೂ ಊಟ ಆಯ್ತಾ? ಇವತ್ತು ಬಂಗಡೆ ಎಪಿಸೋಡ್ ಅಂತ ಹೇಳಿದ್ದೆ, ಅದು ಕ್ಯಾನ್ಸಲ್, ಸಾರಿ, ಬಂಗಡೆ ಫ್ರಿಜ್ಜಲ್ಲೇ ಇದೆ. ಒಬ್ಬ ಪುಣ್ಯಾತ್ಮ ಕಮೆಂಟ್ ಹಾಕಿ ನನ್ ತಲೆ ಕೆಡಿಸಿಬಿಟ್ಟ. ಹೋದ್ವಾರ ನೇತ್ರಾಣಿ ದ್ವೀಪದ ವಿಡಿಯೋ ಹಾಕಿದ್ನಲ್ಲ, ಅದ್ರಲ್ಲಿ ನೇವಿಯವ್ರು ಆ ಗುಡ್ಡಕ್ಕೆ ಗುರಿ ಇಟ್ಟು ಹೊಡೆದು ಪ್ರಾಕ್ಟೀಸ್ ಮಾಡ್ತಿದ್ರು ಅಂತ ಒಂದ್ ಮಾತು ಹೇಳಿದ್ದೆ, ಒಂದೇ ಮಾತು. ಅದಕ್ಕೆ ಈ ಅಣ್ಣ ಬರೀತಾರೆ, "ಖಾಲಿ ದ್ವೀಪ ಗುರು, ಬಾಂಬ್ ಹಾಕಿದ್ರೆ ಯಾರಪ್ಪನ ಗಂಟು ಹೋಗತ್ತೆ?" ಅಂತ. ಮುನ್ನೂರು ಚಿಲ್ಲರೆ ಲೈಕು ಬೇರೆ. ನನ್ ವಿಡಿಯೋಗೇ ಅಷ್ಟು ಬಿದ್ದಿಲ್ಲ ಮಾರಾಯಾ.

ಖಾಲಿ ಅಂತೆ. ಅಣ್ಣಾ, ಹೋಗಿದೀರಾ ಅಲ್ಲಿಗೆ? ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್, ಆ ದೊಡ್ಡ ಶಿವನ ಮೂರ್ತಿ ಹಿಂದೆ ಸಣ್ಣದಾಗ್ತಾ ಸಣ್ಣದಾಗ್ತಾ ಬೆಂಕಿಕಡ್ಡಿ ಅಷ್ಟಾಗಿ ಮಾಯ ಆಗತ್ತೆ, ಆಮೇಲೆ ಎದುರಿಗೆ ಗುಡ್ಡ ಏಳತ್ತೆ. ನಮ್ ಬೋಟಿನ ತಾಂಡೇಲರು ಇಂಜಿನ್ ಸ್ಲೋ ಮಾಡಿ, ಬೀಡಿ ಆರಿಸಿ, ಚಪ್ಪಲಿ ಬಿಟ್ಟು, ಗುಡ್ಡದ ಕಡೆ ತಿರುಗಿ ಒಂದು ತೆಂಗಿನಕಾಯಿ ನೀರಿಗೆ ಬಿಟ್ರು. ಯಾಕೆ ಅಂದೆ. "ಸುಮ್ನೆ ದಾಟಿ ಹೋಗೂಕಾಗ್ತದ್ಯಾ?" ಅಂದ್ರು, ಮುಗೀತು. ಮೇಲೆ ಬಂಡೆ ಅಂಚಲ್ಲಿ ಆಡು ನಿಂತ್ಕೊಂಡು ನಮ್ಮನ್ನೇ ನೋಡ್ತಾ ಇದ್ವು, ಮೀನುಗಾರರು ಹರಕೆಗೆ ಬಿಟ್ಟಿರೋ ಆಡುಗಳ ಸಂತಾನ. ಬಿಳಿಹೊಟ್ಟೆ ಕಡಲಹದ್ದು ಗೂಡು ಕಟ್ಟೋದು ಅಲ್ಲೇ. ನೀರಿನಡಿ ಹವಳ, ಅದಕ್ಕೇ ಅಲ್ವಾ ಬೆಂಗಳೂರಿಂದ ಬಸ್ ಹತ್ತಿ ಸ್ಕೂಬಾ ಮಾಡೋಕೆ ಓಡೋಗೋದು? ಮನುಷ್ಯರ ಹೆಸರಲ್ಲಿ ಕರೆಂಟ್ ಬಿಲ್ ಬರಲ್ಲ ಅಂದ್ಮಾತ್ರಕ್ಕೆ ಖಾಲಿನಾ?

ಖಾಲಿ ಅನ್ನೋ ಪದಕ್ಕೆ ಒಂದು ಹಿಸ್ಟರಿ ಇದೆ, ಕೇಳಿ. ಡಿಯೇಗೋ ಗಾರ್ಸಿಯಾ, ಹಿಂದೂ ಮಹಾಸಾಗರದ ಮಧ್ಯ, ಚಾಗೋಸ್ ದ್ವೀಪಗಳಲ್ಲಿ ಎಲ್ಲಕ್ಕಿಂತ ದೊಡ್ಡದು. 1965ರಲ್ಲಿ ಬ್ರಿಟನ್ನಿನೋರು ಮಾರಿಷಸ್‌ಗೆ ಸ್ವಾತಂತ್ರ್ಯ ಕೊಡೋಕೆ ಮುಂಚೆನೇ ಇದನ್ನ ಕಿತ್ತು ಇಟ್ಕೊಂಡ್ರು, ಅಮೆರಿಕದೋರಿಗೆ ಮಿಲಿಟರಿ ಬೇಸ್ ಬೇಕಿತ್ತು. ಅಲ್ಲಿ ತಲೆತಲಾಂತರದಿಂದ ತೆಂಗಿನ ತೋಟದಲ್ಲಿ ದುಡೀತಿದ್ದ ಜನ ಇದ್ರು, ಚರ್ಚ್ ಇತ್ತು, ಗೋರಿಗಳಿದ್ವು. ಫೈಲಲ್ಲಿ ಏನಂತ ಬರೆದ್ರು ಗೊತ್ತಾ? ಖಾಯಂ ನಿವಾಸಿಗಳು ಯಾರೂ ಇಲ್ಲ, ಬಂದು ಹೋಗೋ ಕೂಲಿಗಳು ಅಂತ. 1966ರಲ್ಲಿ ಬ್ರಿಟನ್ನಿನ ಒಬ್ಬ ಸೀನಿಯರ್ ಅಧಿಕಾರಿ ಬರೀತಾನೆ, ಕಡಲಹಕ್ಕಿ ಬಿಟ್ರೆ ಅಲ್ಲಿ ಮೂಲನಿವಾಸಿಗಳೇ ಇರಬಾರದು ಅಂತ. ಇಲ್ಲ ಅಂತಲ್ಲ, ಇರಬಾರದು! ಆಮೇಲೆ 1968ರಿಂದ 1973ರೊಳಗೆ ಸಾವಿರದೈನೂರಕ್ಕೂ ಹೆಚ್ಚು ಜನರನ್ನ ಹಡಗಿಗೆ ತುಂಬಿ ಮಾರಿಷಸ್ಸು ಸೇಶೆಲ್ಸು ಬಂದರಲ್ಲಿ ಇಳಿಸಿ ಕೈ ತೊಳ್ಕೊಂಡ್ರು. ಅವರ ನಾಯಿಗಳನ್ನ, ಕೊಬ್ಬರಿ ಒಣಗಿಸೋ ಶೆಡ್ಡಲ್ಲಿ ಕೂಡಿಹಾಕಿ, ಮಿಲಿಟರಿ ಗಾಡಿಗಳ ಹೊಗೆ ಬಿಟ್ಟು ಸಾಯಿಸಿದ್ರು. ಖಾಲಿ ಇರಲಿಲ್ಲ ಅಣ್ಣಾ, ಖಾಲಿ ಮಾಡಿಸಿದ್ರು! ಬಾಡಿಗೆ ಮನೆ ಓನರ್ ಥರ, ಅದೂ ಅಡ್ವಾನ್ಸ್ ವಾಪಸ್ ಕೊಡದಿರೋ ಓನರ್.

2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಮಾರಿಷಸ್‌ನಿಂದ ಹಿಂಗೆ ಕಿತ್ತಿಟ್ಕೊಂಡಿದ್ದು ತಪ್ಪು ಅಂತು. 2025ರಲ್ಲಿ ದ್ವೀಪ ಮಾರಿಷಸ್‌ಗೆ ಅಂತ ಒಪ್ಪಂದಕ್ಕೆ ಸಹಿ ಬಿತ್ತು, ಅದ್ರಲ್ಲೂ ಬೇಸ್ ಮಾತ್ರ 99 ವರ್ಷ ಲೀಸಿಗಂತೆ.

ಈಗ ಬರ್ತಾರೆ ಇನ್ನೊಬ್ರು, "ಮಿಲಿಟರಿ ಇದ್ದಿದ್ದಕ್ಕೇ ಕಾಡು, ಹವಳ ಉಳಿದಿರೋದು, ಟೂರಿಸ್ಟ್ ಬಿಟ್ಟಿದ್ರೆ ಚಿಪ್ಸ್ ಪ್ಯಾಕೆಟ್ ತುಂಬ್ತಿತ್ತು" ಅಂತ. ಇದೇ ಐಡಿಯಾ ಬ್ರಿಟನ್ನಿನೋರಿಗೂ ಬಂದಿತ್ತು ಸಾರ್! 2010ರಲ್ಲಿ ಚಾಗೋಸ್ ಸುತ್ತ ಆರು ಲಕ್ಷ ಚದರ ಕಿಲೋಮೀಟರ್‌ಗೂ ಜಾಸ್ತಿ ಸಮುದ್ರನ ರಕ್ಷಿತ ಪ್ರದೇಶ ಅಂದ್ರು, ಮೀನು ಹಿಡಿಯಂಗಿಲ್ಲ ಅಂದ್ರು, ಬೇಸ್ ಇರೋ ಜಾಗ ಮಾತ್ರ ಅದ್ರಿಂದ ಹೊರಗೆ. ಪರಿಸರ ಪ್ರೇಮ ನೋಡಿ, ಉಕ್ಕಿ ಹರೀತಿದೆ. ಹವಾಯಿಯ ಕಹೋಓಲಾವೆ ಅಂತ ದ್ವೀಪ ಇದೆ, ಅಮೆರಿಕದ ಮಿಲಿಟರಿಯೋರು ಪ್ರಾಕ್ಟೀಸಿಗೆ 1941ರಿಂದ 1990ರ ತನಕ ಬಾಂಬ್ ಹಾಕಿದ್ರು, 1965ರಲ್ಲಿ ಒಂದೊಂದು ಸಲಕ್ಕೆ 500 ಟನ್ ಸ್ಫೋಟಕ, ಹಂಗೆ ಮೂರು ಸಲ. ಆಮೇಲೆ ಕ್ಲೀನ್ ಮಾಡ್ತೀವಿ ಅಂತ ಹತ್ತು ವರ್ಷ ಕೂತ್ರೂ ಸುಮಾರು ಕಾಲು ಭಾಗ ಮುಟ್ಟೋಕೇ ಆಗ್ಲಿಲ್ಲ, ಸಿಡೀದೇ ಇರೋ ಬಾಂಬ್ ಇನ್ನೂ ಇದಾವೆ. ಚಿಪ್ಸ್ ಪ್ಯಾಕೆಟ್ಟೇ ವಾಸಿ ಅಲ್ವಾ, ಕಾಲಿಟ್ರೆ ಢಂ ಅನ್ನಲ್ಲ.

ಒಂದ್ ನಿಮಿಷ, ಕುಕ್ಕರ್ ಕೂಗ್ತಿದೆ... ಹಾಂ. ಅಂದಂಗೆ ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ, ನಮ್ ಚಾನೆಲ್ ಕಪ್ ಇನ್ನೂ ನಲವತ್ತು ಉಳಿದಿದಾವೆ, ಕೋಕಂ ಕುಡಿಯೋಕೆ ಚೆನ್ನಾಗಿರತ್ತೆ.

ಎಲ್ಲಿದ್ದೆ? ಹಾಂ, ನಮ್ ಕಡೆನೂ ಇದೇ ಕಥೆ, ಅಂಜದೀವ್ ದ್ವೀಪ. ಕಾಗದದಲ್ಲಿ ಗೋವಾದು, ಇರೋದು ನಮ್ ಕಾರವಾರದ ಬಿಣಗಾ ಎದುರು. ಅಲ್ಲೊಂದು ಹಳೇ ಇಗರ್ಜಿ, ಅಂದ್ರೆ ಚರ್ಚು, ಪ್ರತಿ ಫೆಬ್ರವರಿ 2ಕ್ಕೆ ಹಬ್ಬ, ಗೋವಾ ಕಾರವಾರ ಎರಡೂ ಕಡೆಯಿಂದ ದೋಣೀಲಿ ಜನ ಹೋಗ್ತಿದ್ರು. ಸೀಬರ್ಡ್ ಅಂತ ನೇವಿ ಬೇಸ್ ಬಂತು, ದ್ವೀಪಕ್ಕೂ ದಡಕ್ಕೂ ಮಧ್ಯ ಕಲ್ಲು ಸುರಿದು ಸೇರಿಸಿದ್ರು, ಹಬ್ಬಕ್ಕೆ ಹೋಗೋ ದೋಣಿ ನಿಂತೋಯ್ತು. ದಡದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದು ಹೋಗ್ಬೇಕಾಯ್ತು, ಪರಿಹಾರಕ್ಕೆ ಕೋರ್ಟಿಗೆ ಅಲೆದು ಅಲೆದು ಒಂದು ತಲೆಮಾರೇ ಮುಗೀತು. ಕಾರವಾರದ ಕಡೆ ಇವತ್ತಿಗೂ "ಸೀಬರ್ಡ್ ನಿರಾಶ್ರಿತರು" ಅಂದ್ರೆ ಜಾತಿ ಹೆಸರು ಹೇಳ್ದಂಗೆ ಎಲ್ರಿಗೂ ಅರ್ಥ ಆಗತ್ತೆ. ಇಷ್ಟು ಹೇಳಿದ್ರೆ ನಾನು ದೇಶದ್ರೋಹಿ. ನೇವಿ ಬೇಡ ಅಂದ್ನಾ? ನಮ್ಮನೆ ಪಕ್ಕದ ಹುಡುಗನೇ ನೇವೀಲಿದಾನೆ, ರಜಕ್ಕೆ ಬಂದ್ರೆ ಮೊದ್ಲು ನಮ್ಮನೇಗೇ ಊಟಕ್ಕೆ ಬರೋದು. ನಾನ್ ಅಂತಿರೋದು ಖಾಲಿ ಅನ್ಬೇಡಿ ಅಂತ! ಬೇಕಿದ್ರೆ ತಗೊಳ್ಳಿ, ಯಾರ್ ಹತ್ರ ತಗೊಂಡ್ವಿ ಅಂತ ಬರೆದು ತಗೊಳ್ಳಿ, ಖಾಲಿ ಅಂತೆ ಖಾಲಿ, ನಿನ್ ತಲೆ ಖಾಲಿ! ಅದು ಎಡಿಟಲ್ಲಿ ತೆಗೀತೀನಿ. ಇಲ್ಲ, ತೆಗಿಯಲ್ಲ, ಇರಲಿ.

ಅಣ್ಣಾ, ಸೀರಿಯಸ್ಸಾಗಿ, ಮಳೆಗಾಲ ಮುಗಿದ್ಮೇಲೆ ಬನ್ನಿ, ನೇತ್ರಾಣಿಗೆ ಹೋಗೋಣ, ಬೋಟ್ ಖರ್ಚು ನಂದು. ಅರ್ಧ ನಂದು. ತೆಂಗಿನಕಾಯಿ ನೀವೇ ತನ್ನಿ, ತಾಂಡೇಲರು ಕೇಳ್ತಾರೆ.